ಕನ್ನಡ ರಸೀದಿಗಳಿಗೆ ಪಿಡಿಎಫ್: ವೀಸಿಪ್ರಿಂಟ್ ಲೈಬ್ರರಿಯನ್ನು ಅಳವಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಸಂಘವೊಂದರ ಸದಸ್ಯರ ಪಟ್ಟಿ ಸಾಮಾನ್ಯವಾಗಿ ಎಕ್ಸೆಲ್ ಕಡತದಲ್ಲಿರುತ್ತದೆ. ರಸೀದಿ ಮಾತ್ರ ಒಬ್ಬೊಬ್ಬರಿಗೂ ಬೇರೆಯಾಗಿ, ಹೆಸರು ವಿಳಾಸಗಳೊಂದಿಗೆ ಕನ್ನಡದಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಬರುವಂಥ ಪಿಡಿಎಫ್ ಆಗಿ ಸಿದ್ಧವಾಗಬೇಕು. ಹತ್ತಿಪ್ಪತ್ತು ರಸೀದಿಗಳಾದರೆ ವರ್ಡ್‌ನಲ್ಲಿ ಹೆಸರು ಬದಲಿಸಿ ಉಳಿಸಿಕೊಳ್ಳುತ್ತ ಹೋಗಬಹುದು. ಸಂಖ್ಯೆ ನೂರು ದಾಟಿದರೆ ಆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸುವುದು ಒಳ್ಳೆಯದು, ಅದಕ್ಕೆ ಬೇಕಾದ ಓಪನ್ ಸೋರ್ಸ್ ಲೈಬ್ರರಿಗಳು, ಎಂದರೆ ನಮ್ಮ ಪ್ರೋಗ್ರಾಮಿನಲ್ಲಿ ಬಳಸಿಕೊಳ್ಳಲು ಬರುವ ಸಿದ್ಧ ಕೋಡಿನ ಕಂತೆಗಳು, ಉಚಿತವಾಗಿಯೇ ದೊರೆಯುತ್ತವೆ. ಆದರೆ ಇಂಗ್ಲಿಷ್ ರಸೀದಿಯೊಂದನ್ನು ಸರಿಯಾಗಿ ಮುದ್ರಿಸಿದ ಲೈಬ್ರರಿ ಕನ್ನಡವನ್ನೂ ಸರಿಯಾಗಿ ಮುದ್ರಿಸುತ್ತದೆಂದು ನಂಬುವಂತಿಲ್ಲ. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತಿರುವುದನ್ನು ಕಣ್ಣಾರೆ ನೋಡುವವರೆಗೆ ಅಳವಡಿಕೆ ಮುಗಿದಿಲ್ಲವೆಂದೇ ತಿಳಿಯಬೇಕು.

ಕಮಾಂಡುಗಳನ್ನು ಈ ಬರಹದಲ್ಲಿ ಓದುವ ರೀತಿಯಲ್ಲಿ, ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಬೇಕು. ಅಡ್ಡಗೆರೆ, ಚುಕ್ಕಿ ಮತ್ತು ಅಂಕಿಗಳು ಇಲ್ಲಿ ಇದ್ದ ಹಾಗೆಯೇ ಬರಬೇಕು.

ಕನ್ನಡಕ್ಕೆ ತೊಡಕು ಎಲ್ಲಿದೆ

1993ರಲ್ಲಿ ಅಡೋಬಿ ಕಂಪನಿ ಹೊರತಂದು, 2008ರಲ್ಲಿ ಐಎಸ್ಒ ಮಾನಕವಾದ ಪಿಡಿಎಫ್ ಮೂಲತಃ ಪಠ್ಯದ ಕಡತವಲ್ಲ, ಪುಟದ ಕಡತ. ಅದರೊಳಗೆ ಯಾವ ಫಾಂಟಿನ ಎಷ್ಟನೆಯ ಆಕೃತಿಯನ್ನು ಪುಟದ ಯಾವ ಬಿಂದುವಿನಲ್ಲಿ ಇಡಬೇಕು ಎಂಬ ಸೂಚನೆಗಳಿರುತ್ತವೆ. ಯೂನಿಕೋಡ್‌ನಲ್ಲಿ ‘ಪೂರ್ವ’ ಎಂದು ಬರೆದಾಗ ಕಡತದಲ್ಲಿರುವುದು ಪ, ಊಕಾರದ ಚಿಹ್ನೆ, ರ, ವಿರಾಮ ಮತ್ತು ವ ಎಂಬ ಐದು ಸಂಕೇತಗಳು. ಅವನ್ನು ಓದಿ, ರಕಾರ ಇಲ್ಲಿ ಅರ್ಕಾವತ್ತಾಗಿ ವಕಾರದ ಬಲಕ್ಕೆ ಹೋಗಬೇಕೆಂದು ನಿರ್ಧರಿಸುವ ಕೆಲಸವನ್ನು ಪಿಡಿಎಫ್ ತೆರೆಯುವ ಆ್ಯಪ್ ಮಾಡುವುದಿಲ್ಲ. ಪಿಡಿಎಫ್ ತಯಾರಿಸುವ ಲೈಬ್ರರಿಯೇ ಮೊದಲು ಮಾಡಿ ಮುಗಿಸಿರಬೇಕು. ಈ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಶೇಪಿಂಗ್ ಇಲ್ಲದ ಲೈಬ್ರರಿ ಐದು ಸಂಕೇತಗಳಿಗೆ ಐದು ಆಕೃತಿಗಳನ್ನು ಸಾಲಾಗಿ ಇಟ್ಟುಬಿಡುತ್ತದೆ. ಆಗ ‘ಪೂರ್‌ವ’ ಎಂದೋ ಅದಕ್ಕಿಂತ ವಿಕಾರವಾಗಿಯೋ ಅಚ್ಚಾಗುತ್ತದೆ. ಅದೇ ಹೆಸರು ಮೊಬೈಲಿನಲ್ಲಿ, ಬ್ರೌಸರಿನಲ್ಲಿ ಸರಿಯಾಗಿ ಕಾಣುತ್ತಿರುವುದರಿಂದ ತಪ್ಪು ಎಲ್ಲಾಯಿತೆಂಬುದು ಬೇಗ ಹೊಳೆಯುವುದಿಲ್ಲ.

ಲೈಬ್ರರಿಯ ಆಯ್ಕೆ ಈ ಒಂದು ಅಂಶದ ಮೇಲೆಯೇ ನಿಲ್ಲಬೇಕು. ಪೈಥಾನ್‌ನ ಎಫ್‌ಪಿಡಿಎಫ್2 ಹಗುರವಾದ ಲೈಬ್ರರಿ. ಯುಹಾರ್ಫ್‌ಬಜ್ ಎಂಬ ಇನ್ನೊಂದು ಪ್ಯಾಕೇಜನ್ನು ಜೊತೆಗೆ ಹಾಕಿಕೊಂಡು, ಶೇಪಿಂಗ್ ಬೇಕೆಂದು ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿ ಹೇಳಿದರೆ ಅದು ಕನ್ನಡವನ್ನು ಸರಿಯಾಗಿ ಬರೆಯುತ್ತದೆ, ಹೇಳದಿದ್ದರೆ ಇಲ್ಲ. ಪಿಎಚ್‌ಪಿ ಬಲ್ಲವರಿಗೆ ಎಂಪಿಡಿಎಫ್ ಇದೆ. ಅದರಲ್ಲಿಯೂ ಫಾಂಟಿನ ಸೆಟ್ಟಿಂಗ್‌ನಲ್ಲಿ ಒಟಿಎಲ್ ಎಂಬ ಆಯ್ಕೆಯನ್ನು ತೆರೆದುಕೊಳ್ಳಬೇಕಾಗುತ್ತದೆ. ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿದ್ದ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ ಯೋಜನೆಯ ಕೆಲಸ ನಿಂತು, ಅದರ ಮೂಲ ಸಂಗ್ರಹವನ್ನು 2023ರ ಜನವರಿಯಲ್ಲಿ ಮುಚ್ಚಲಾಯಿತು. ಹೊಸದಾಗಿ ಆರಂಭಿಸುವವರು ಅದರ ಹಾದಿ ಹಿಡಿಯಬೇಕಾಗಿಲ್ಲ. ಈ ಮಾರ್ಗದರ್ಶಿಯಲ್ಲಿ ಆರಿಸಿಕೊಂಡಿರುವುದು ವೀಸಿಪ್ರಿಂಟ್. ಫ್ರಾನ್ಸಿನ ಕೋಜಿಯಾ ಕಂಪನಿಯಲ್ಲಿ 2011ರಲ್ಲಿ ಆರಂಭವಾದ ಈ ಪೈಥಾನ್ ಲೈಬ್ರರಿ ಬಿಎಸ್‌ಡಿ ಪರವಾನಗಿಯಲ್ಲಿ ಸಿಗುತ್ತದೆ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್‌ನಲ್ಲಿ ಬರೆದ ಪುಟವನ್ನು ಪಿಡಿಎಫ್ ಮಾಡಿಕೊಡುವುದು ಇದರ ಕೆಲಸ. ಪಠ್ಯವನ್ನು ಜೋಡಿಸಲು ಇದು ಪ್ಯಾಂಗೋ ಎಂಬ ತಂತ್ರಾಂಶವನ್ನೂ, ಪ್ಯಾಂಗೋ ತನ್ನ ಶೇಪಿಂಗ್‌ಗೆ ಹಾರ್ಫ್‌ಬಜ್ ಅನ್ನೂ ನೆಚ್ಚಿಕೊಂಡಿವೆ. ಹೀಗಾಗಿ ಕನ್ನಡಕ್ಕೆಂದು ಪ್ರತ್ಯೇಕವಾಗಿ ಯಾವ ಆಯ್ಕೆಯನ್ನೂ ತೆರೆಯಬೇಕಾಗಿಲ್ಲ. ಆದರೆ ಪ್ಯಾಂಗೋ ಪೈಥಾನ್ ಪ್ಯಾಕೇಜ್ ಅಲ್ಲವಾದ್ದರಿಂದ ಅದನ್ನು ಕಂಪ್ಯೂಟರಿನಲ್ಲಿ ಬೇರೆಯಾಗಿ ಇರಿಸಬೇಕಾಗುತ್ತದೆ. ಅಳವಡಿಕೆಯಲ್ಲಿ ಎದುರಾಗುವ ಬಹುಪಾಲು ಕಿರಿಕಿರಿಯ ಮೂಲ ಇದೇ.

ಉಬುಂಟುವಿನಲ್ಲಿ

ಉಬುಂಟು ಅಥವಾ ಡೆಬಿಯನ್ ಇದ್ದರೆ ಕೆಲಸ ಚಿಕ್ಕದು. ಟರ್ಮಿನಲ್ ತೆರೆದು, ಮೊದಲು ಪ್ಯಾಂಗೋ ಮತ್ತು ಸಂಗಡಿಗ ಪ್ಯಾಕೇಜುಗಳನ್ನು ತರಿಸಿಕೊಳ್ಳಬೇಕು:

ಸುಡೊ ಎಪಿಟಿ ಇನ್‌ಸ್ಟಾಲ್ ಪೈಥಾನ್3-ವೆನ್ವ್ ಲಿಬ್‌ಪ್ಯಾಂಗೋ-1.0-0 ಲಿಬ್‌ಪ್ಯಾಂಗೋಎಫ್‌ಟಿ2-1.0-0 ಲಿಬ್‌ಹಾರ್ಫ್‌ಬಜ್-ಸಬ್‌ಸೆಟ್0

ಅನಂತರ ರಸೀದಿಯ ಕೆಲಸಕ್ಕೆಂದೇ ಒಂದು ಫೋಲ್ಡರ್ ಮಾಡಿಕೊಂಡು, ಅದರೊಳಗೆ ಹೋಗಿ, ಪೈಥಾನ್‌ಗೆ ಪ್ರತ್ಯೇಕ ಆವರಣವೊಂದನ್ನು ಕಟ್ಟಿಕೊಳ್ಳಬೇಕು. ಇದನ್ನು ಬಿಟ್ಟು, ಪೈಥಾನ್ ಪ್ಯಾಕೇಜುಗಳನ್ನು ತರಿಸಿಕೊಡುವ ಪಿಪ್ ಅನ್ನು ನೇರವಾಗಿ ಬಳಸಹೋದರೆ, ಹೊಸ ಆವೃತ್ತಿಗಳಲ್ಲಿ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ತಕರಾರಿನೊಂದಿಗೆ ಕೆಲಸ ಅಲ್ಲಿಯೇ ನಿಲ್ಲುತ್ತದೆ. ಕಂಪ್ಯೂಟರ್ ತನ್ನ ಸ್ವಂತ ಕೆಲಸಕ್ಕೆ ಬಳಸುವ ಪೈಥಾನ್ ಕೆಡದಿರಲೆಂದು ಹಾಕಿರುವ ತಡೆ ಅದು. ಅದನ್ನು ಒತ್ತಾಯದಿಂದ ದಾಟುವ ಸಲಹೆಗಳು ಅಲ್ಲಲ್ಲಿ ಕಂಡರೂ ಪಾಲಿಸದಿರುವುದು ಕ್ಷೇಮ.

ಪೈಥಾನ್3 -ಎಂ ವೆನ್ವ್ ಆವರಣ

ಸೋರ್ಸ್ ಆವರಣ/ಬಿನ್/ಆ್ಯಕ್ಟಿವೇಟ್

ಪಿಪ್ ಇನ್‌ಸ್ಟಾಲ್ ವೀಸಿಪ್ರಿಂಟ್ ಜಿಂಜಾ2

ವೀಸಿಪ್ರಿಂಟ್ --ಇನ್ಫೋ

ಎರಡನೆಯ ಕಮಾಂಡಿನ ಬಳಿಕ ಸಾಲಿನ ಆರಂಭದಲ್ಲಿ ಆವರಣದ ಹೆಸರು ಕಂಸದೊಳಗೆ ಕಾಣಿಸಿಕೊಳ್ಳಬೇಕು. ಟರ್ಮಿನಲ್ ಮುಚ್ಚಿ ಮತ್ತೆ ತೆರೆದಾಗಲೆಲ್ಲ ಆ ಕಮಾಂಡನ್ನು ಮತ್ತೊಮ್ಮೆ ಕೊಡಬೇಕು. ವೀಸಿಪ್ರಿಂಟ್‌ನ ಇಂಗ್ಲಿಷ್ ಕಾಗುಣಿತ ಡಬ್ಲ್ಯೂ, ಇ, ಎ, ಎಸ್, ವೈ, ಅದಕ್ಕೆ ಸೇರಿಕೊಂಡಂತೆ ಪ್ರಿಂಟ್. ಜೊತೆಗೆ ಬರುವ ಜಿಂಜಾ2 ಎಚ್‌ಟಿಎಂಎಲ್ ನಮೂನೆಯಲ್ಲಿ ಹೆಸರು, ಮೊತ್ತಗಳನ್ನು ತುಂಬಿಸಲು ಬೇಕಾಗುವ ಲೈಬ್ರರಿ. ಕೊನೆಯ ಕಮಾಂಡ್ ವೀಸಿಪ್ರಿಂಟ್, ಪೈಥಾನ್ ಮತ್ತು ಪ್ಯಾಂಗೋಗಳ ಆವೃತ್ತಿ ಸಂಖ್ಯೆಗಳನ್ನು ತೋರಿಸುತ್ತದೆ. ಪ್ಯಾಂಗೋ 1.44 ಅಥವಾ ಅದಕ್ಕಿಂತ ಹೊಸದಾಗಿರಬೇಕು. ಮ್ಯಾಕ್ ಇರುವವರು ತಂತ್ರಾಂಶಗಳನ್ನು ತರಿಸಿಕೊಡುವ ಹೋಮ್‌ಬ್ರೂ ಹಾಕಿಕೊಂಡು ‘ಬ್ರೂ ಇನ್‌ಸ್ಟಾಲ್ ವೀಸಿಪ್ರಿಂಟ್’ ಎಂದರೆ ಕಮಾಂಡಿನಿಂದ ಪಿಡಿಎಫ್ ಮಾಡುವಷ್ಟು ಸಿದ್ಧತೆ ಒಮ್ಮೆಗೇ ಆಗುತ್ತದೆ.

ವಿಂಡೋಸ್‌ನಲ್ಲಿ

ಸಂಘದ ಕಚೇರಿಗಳಲ್ಲಿ ಇರುವುದು ಹೆಚ್ಚಾಗಿ ವಿಂಡೋಸ್ ಆದ್ದರಿಂದ ಇಲ್ಲಿ ತುಸು ನಿಧಾನವಾಗಿ ನೋಡೋಣ. ಬರಿಯ ಎಚ್‌ಟಿಎಂಎಲ್ ಕಡತವೊಂದನ್ನು ಪಿಡಿಎಫ್ ಮಾಡಿಕೊಂಡರೆ ಸಾಕು ಎನ್ನುವವರಿಗೆ ವೀಸಿಪ್ರಿಂಟ್ ತಂಡವೇ ವಿಂಡೋಸ್‌ಗೆಂದು ಬಿಡುಗಡೆ ಮಾಡುವ ಸಿದ್ಧ ಎಕ್ಸಿಕ್ಯೂಟಬಲ್ ಕಡತವಿದೆ. ಅದನ್ನು ಗಿಟ್‌ಹಬ್‌ನ ಅಧಿಕೃತ ಬಿಡುಗಡೆಗಳ ಪುಟದಿಂದ ಇಳಿಸಿಕೊಂಡರೆ ಪೈಥಾನ್‌ನ ಅಗತ್ಯವೂ ಇಲ್ಲ, ಪ್ಯಾಂಗೋದ ತಲೆನೋವೂ ಇಲ್ಲ. ಪಟ್ಟಿಯಿಂದ ನೂರಾರು ರಸೀದಿಗಳನ್ನು ಹುಟ್ಟಿಸಬೇಕಾದರೆ ಮಾತ್ರ ಲೈಬ್ರರಿಯನ್ನೇ ಅಳವಡಿಸಿಕೊಳ್ಳಬೇಕು.

ಅದಕ್ಕೆ ಮೊದಲು 64 ಬಿಟ್‌ನ ಪೈಥಾನ್ ಹಾಕಿಕೊಳ್ಳಿ. ಹಳೆಯ ಕಂಪ್ಯೂಟರಿನಲ್ಲಿ 32 ಬಿಟ್ ಪೈಥಾನ್ ಮೊದಲೇ ಇದ್ದರೆ ಮುಂದಿನ ಹೆಜ್ಜೆಗಳೆಲ್ಲ ಸರಿಯಾಗಿ ನಡೆದೂ ಕೊನೆಯಲ್ಲಿ ಪ್ಯಾಂಗೋ ಸಿಗುತ್ತಿಲ್ಲವೆಂಬ ದೂರು ಬರುತ್ತದೆ, ಏಕೆಂದರೆ 64 ಬಿಟ್‌ನ ಲೈಬ್ರರಿಯನ್ನು 32 ಬಿಟ್‌ನ ಪ್ರೋಗ್ರಾಂ ಎತ್ತಿಕೊಳ್ಳಲಾರದು. ಬಳಿಕ ಪ್ಯಾಂಗೋವನ್ನು ತರಿಸಿಕೊಡುವ ಎಂಎಸ್‌ವೈಎಸ್2 ಎಂಬ ತಂತ್ರಾಂಶವನ್ನು ಅದು ಸೂಚಿಸುವ ಆಯ್ಕೆಗಳನ್ನು ಬದಲಿಸದೆ ಹಾಕಿಕೊಂಡು, ಅದರ ಕಪ್ಪು ಕಿಟಕಿಯಲ್ಲಿ ಈ ಕಮಾಂಡ್ ಕೊಡಬೇಕು:

ಪ್ಯಾಕ್‌ಮನ್ -ಎಸ್ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64-ಎಕ್ಸ್86_64-ಪ್ಯಾಂಗೋ

ಇಲ್ಲಿನ ಎಸ್ ಮಾತ್ರ ದೊಡ್ಡಕ್ಷರ. ಒಪ್ಪಿಗೆಯೇ ಎಂದು ಕೇಳಿದಾಗ ವೈ ಒತ್ತಿ, ಇಳಿಕೆ ಮುಗಿದ ಮೇಲೆ ಆ ಕಿಟಕಿಯನ್ನು ಮುಚ್ಚಿ. ಇನ್ನು ಮುಂದಿನದೆಲ್ಲ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿಯೇ ನಡೆಯಬೇಕು. ಎರಡು ಕಿಟಕಿಗಳೂ ಒಂದೇ ರೀತಿ ಕಾಣುವುದರಿಂದ ಇಲ್ಲಿ ಎಡವುವವರು ಹಲವರು.

ಪೈಥಾನ್ -ಎಂ ವೆನ್ವ್ ಆವರಣ

ಆವರಣ\ಸ್ಕ್ರಿಪ್ಟ್ಸ್\ಆ್ಯಕ್ಟಿವೇಟ್.ಬ್ಯಾಟ್

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ವೀಸಿಪ್ರಿಂಟ್ ಜಿಂಜಾ2

ಪೈಥಾನ್ -ಎಂ ವೀಸಿಪ್ರಿಂಟ್ --ಇನ್ಫೋ

ಕೊನೆಯ ಸಾಲಿಗೆ ಆವೃತ್ತಿ ಸಂಖ್ಯೆಗಳ ಬದಲು ‘ಕೆನಾಟ್ ಲೋಡ್ ಲೈಬ್ರರಿ’ ಎಂದು ಆರಂಭವಾಗಿ ಜಿಒಬ್ಜೆಕ್ಟ್ ಅಥವಾ ಪ್ಯಾಂಗೋ ಹೆಸರಿನೊಂದಿಗೆ ಮುಗಿಯುವ ಉದ್ದನೆಯ ದೂರು ಬಂದರೆ ಪಿಪ್ ಅನ್ನು ಮತ್ತೆ ಮತ್ತೆ ಓಡಿಸಿ ಪ್ರಯೋಜನವಿಲ್ಲ. ಪ್ಯಾಂಗೋದ ಡಿಎಲ್‌ಎಲ್ ಕಡತಗಳು (ವಿಂಡೋಸ್‌ನ ಲೈಬ್ರರಿ ಕಡತಗಳು) ಎಲ್ಲಿವೆಯೆಂದು ವೀಸಿಪ್ರಿಂಟ್‌ಗೆ ಗೊತ್ತಾಗಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳ ಕಿಟಕಿಯನ್ನು ತೆರೆದು, ವೀಸಿಪ್ರಿಂಟ್_ಡಿಎಲ್‌ಎಲ್_ಡೈರೆಕ್ಟರೀಸ್ ಎಂಬ ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಸೇರಿಸಿ, ಅದರ ಮೌಲ್ಯವಾಗಿ ಎಂಎಸ್‌ವೈಎಸ್2ನ ಬಿನ್ ಫೋಲ್ಡರಿನ ದಾರಿಯನ್ನು ಕೊಡಬೇಕು. ಎಂಎಸ್‌ವೈಎಸ್2 ಅನ್ನು ಬದಲಾವಣೆಯಿಲ್ಲದೆ ಹಾಕಿಕೊಂಡಿದ್ದರೆ ಅದು ಸಿ ಡ್ರೈವಿನಲ್ಲಿ ಎಂಎಸ್‌ವೈಎಸ್64, ಅದರೊಳಗೆ ಮಿಂಗ್‌ಡಬ್ಲ್ಯೂ64, ಅದರೊಳಗೆ ಬಿನ್. ಕಮಾಂಡ್ ಪ್ರಾಂಪ್ಟನ್ನು ಮುಚ್ಚಿ ಹೊಸದಾಗಿ ತೆರೆದ ಮೇಲೆಯೇ ಈ ಬದಲಾವಣೆ ಜಾರಿಗೆ ಬರುತ್ತದೆ.

ಫಾಂಟ್

ಲೈಬ್ರರಿ ಸಿದ್ಧವಾದರೂ ಕನ್ನಡ ಆಕೃತಿಗಳಿರುವ ಫಾಂಟ್ ಸಿಗದಿದ್ದರೆ ಪುಟದಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಬೀಳುತ್ತವೆ. ಚೌಕ ಬಿದ್ದರೆ ಫಾಂಟಿನ ಕೊರತೆ, ಅಕ್ಷರ ಬಂದು ಒತ್ತು ಕಳಚಿದ್ದರೆ ಶೇಪಿಂಗ್‌ನ ಕೊರತೆ ಎಂದು ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸಿಕೊಂಡರೆ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ.

ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಅದರ ಹಳೆಯ ಆವೃತ್ತಿಗಳಲ್ಲಿ ತುಂಗಾ ಫಾಂಟ್‌ಗಳಿವೆ. ಆದರೆ ಅವು ಉಬುಂಟುವಿನಲ್ಲಿ ಇರುವುದಿಲ್ಲವಾದ್ದರಿಂದ ಮುಕ್ತ ಪರವಾನಗಿಯ ಫಾಂಟೊಂದನ್ನು ರಸೀದಿಯ ಫೋಲ್ಡರಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು. ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡ ಎರಡೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ತಲೆಬರಹಕ್ಕೆ ತುಸು ದಪ್ಪನೆಯ, ಲವಲವಿಕೆಯ ಅಕ್ಷರ ಬೇಕೆಂದರೆ ಮುಂಬಯಿಯದೇ ಆದ ಏಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ ಇದೆ. ಅದೇ ಸಂಸ್ಥೆಯ ಅನೇಕ್ ಕನ್ನಡವೂ ಇದೆ. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್‌ನಲ್ಲಿ ವೇರಿಯೇಬಲ್ ಫಾಂಟಿನ (ಎಲ್ಲ ದಪ್ಪಗಳೂ ಒಂದರಲ್ಲೇ ಇರುವ ಫಾಂಟಿನ) ಒಂದು ಕಡತವೂ ಸ್ಟ್ಯಾಟಿಕ್ ಎಂಬ ಫೋಲ್ಡರೂ ಇದ್ದರೆ, ಸ್ಟ್ಯಾಟಿಕ್‌ನೊಳಗಿನ ರೆಗ್ಯುಲರ್ ಮತ್ತು ಬೋಲ್ಡ್ ಕಡತಗಳನ್ನು ಆರಿಸಿಕೊಳ್ಳಿ. ದಪ್ಪ ತೆಳುವಿನ ಗೊಂದಲಗಳು ಅದರಲ್ಲಿ ಕಡಿಮೆ. ಉಬುಂಟುವಿನಲ್ಲಿ ಯಾವ ಯಾವ ಕನ್ನಡ ಫಾಂಟ್‌ಗಳು ಈಗಾಗಲೇ ಇವೆ ಎಂದು ತಿಳಿಯಲು ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್ ಎಂಬ ಕಮಾಂಡ್ ಸಾಕು.

ಮೊದಲ ಪುಟ, ಪರೀಕ್ಷೆಯ ಪುಟ

ರಸೀದಿಯ ವಿನ್ಯಾಸಕ್ಕೆ ಕೈಹಾಕುವ ಮೊದಲು ಒಂದು ಪರೀಕ್ಷಾ ಕಡತ ಮಾಡಿಕೊಳ್ಳಿ. ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲಿ ಭಾಷೆಯನ್ನು ಕೆಎನ್ ಎಂದೂ, ತಲೆಭಾಗದಲ್ಲಿ ಚಾರ್‌ಸೆಟ್ ಅನ್ನು ಯುಟಿಎಫ್-8 ಎಂದೂ ನಮೂದಿಸಿ, ಸಿಎಸ್‌ಎಸ್‌ನ ಫಾಂಟ್-ಫೇಸ್ ನಿಯಮದಿಂದ ಫೋಲ್ಡರಿನಲ್ಲಿರುವ ಫಾಂಟ್ ಕಡತವನ್ನು ಹೆಸರಿಸಿ. ಪುಟದಲ್ಲಿ ಬರೆಯಬೇಕಾದ ಪದಗಳನ್ನು ಆರಿಸಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ರೈಲು ಹಳಿ ಇಬ್ಭಾಗ ಮಾಡಿರುವ ಈ ಊರಿನ ವಿಳಾಸಗಳಲ್ಲಿ ‘ಪೂರ್ವ’ ಇಲ್ಲವೆ ‘ಪಶ್ಚಿಮ’ ಇದ್ದೇ ಇರುತ್ತದೆ. ಮೊದಲನೆಯದು ಅರ್ಕಾವತ್ತನ್ನೂ ಎರಡನೆಯದು ಒತ್ತಕ್ಷರವನ್ನೂ ಪರೀಕ್ಷಿಸುತ್ತದೆ. ಮಾಟುಂಗಾ ಪೂರ್ವ, ಡೊಂಬಿವಲಿ ಪಶ್ಚಿಮ ಎಂದು ಎರಡು ಸಾಲು ಬರೆದು, ಅವುಗಳ ಕೆಳಗೆ ಲಕ್ಷ್ಮಿ, ಸ್ತ್ರೀ, ಸ್ವಾತಂತ್ರ್ಯ, ಕೋಟೇಶ್ವರ ಎಂಬ ಪದಗಳನ್ನು ಸೇರಿಸಿ. ಲಕ್ಷ್ಮಿಯಲ್ಲಿ ಷಕಾರ ಮತ್ತು ಮಕಾರಗಳೆರಡೂ, ಸ್ತ್ರೀಯಲ್ಲಿ ತಕಾರ ಮತ್ತು ರಕಾರಗಳೆರಡೂ ಒತ್ತಾಗಿ ಬರಬೇಕು. ಕೋ ಎಂಬಲ್ಲಿ ಓಕಾರದ ತುಂಡುಗಳು ಚದುರಬಾರದು. ಇಂಗ್ಲಿಷ್ ಪದಗಳು ಬರುವ ಕಡೆಗೆಂದು ‘ರ‍್ಯಾಂಕ್’ ಮತ್ತು ‘ಇನ್‌ಸ್ಟಾಲ್’ ಕೂಡ ಇರಲಿ. ಈ ಎರಡರೊಳಗೆ ಕಣ್ಣಿಗೆ ಕಾಣದ ಜೋಡಿಸುವ ಮತ್ತು ಬಿಡಿಸುವ ಸಂಕೇತಗಳಿರುತ್ತವೆ. ಅವು ಎಲ್ಲಿಯಾದರೂ ಕಳೆದುಹೋದರೆ ಇಲ್ಲಿಯೇ ಗೊತ್ತಾಗುತ್ತದೆ. ಬಳಿಕ:

ವೀಸಿಪ್ರಿಂಟ್ ಪರೀಕ್ಷೆ.ಎಚ್‌ಟಿಎಂಎಲ್ ಪರೀಕ್ಷೆ.ಪಿಡಿಎಫ್

ವಿಂಡೋಸ್‌ನಲ್ಲಾದರೆ ಇದರ ಆರಂಭದಲ್ಲಿ ‘ಪೈಥಾನ್ -ಎಂ’ ಸೇರಿಸಬೇಕು. ಬಂದ ಪುಟವನ್ನು ತೆರೆದು ಇನ್ನೂರು ಪ್ರತಿಶತಕ್ಕೆ ಹಿಗ್ಗಿಸಿ ಅಕ್ಷರ ಅಕ್ಷರವಾಗಿ ನೋಡಿ. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ, ಎತ್ತರ ನಿಗದಿಪಡಿಸಿದ ಕೋಷ್ಟಕದ ಮನೆಗಳಲ್ಲಿ ಅವು ಕೆಳಗಿನ ಗೆರೆಗೆ ತಾಗುವುದುಂಟು. ಲೈನ್-ಹೈಟ್ ಅನ್ನು 1.6ರ ಆಸುಪಾಸಿನಲ್ಲಿಟ್ಟು, ಮನೆಗಳ ಎತ್ತರವನ್ನು ನಿಗದಿಪಡಿಸದೆ ಬಿಟ್ಟರೆ ಸರಿಹೋಗುತ್ತದೆ. ಎರಡೂ ಅಂಚು ಸಮನಾಗಿರಲೆಂದು ಪದಗಳನ್ನು ಎಳೆದು ಕೂರಿಸುವ ಜಸ್ಟಿಫೈ ಆಯ್ಕೆಯನ್ನು ರಸೀದಿಯಲ್ಲಿ ಬಳಸದಿರುವುದೇ ವಾಸಿ. ನಮ್ಮ ಉದ್ದನೆಯ ಸಮಾಸಪದಗಳ ನಡುವೆ ಅದು ದೊಡ್ಡ ಕಂದರಗಳನ್ನೇ ತೋಡುತ್ತದೆ.

ಫಾಂಟ್ ಪಿಡಿಎಫ್‌ನೊಳಗೇ ಸೇರಿದೆಯೆ ಎಂಬುದನ್ನೂ ನೋಡಬೇಕು. ಉಬುಂಟುವಿನಲ್ಲಿ ಪಾಪ್ಲರ್-ಯುಟಿಲ್ಸ್ ಪ್ಯಾಕೇಜಿನ ಪಿಡಿಎಫ್‌ಫಾಂಟ್ಸ್ ಕಮಾಂಡ್, ಇತರ ಕಡೆ ಅಕ್ರೋಬ್ಯಾಟ್ ರೀಡರಿನ ಪ್ರಾಪರ್ಟೀಸ್ ಕಿಟಕಿಯ ಫಾಂಟ್ಸ್ ಪುಟ ಅದನ್ನು ತಿಳಿಸುತ್ತವೆ. ನೀವು ಕೊಟ್ಟ ಫಾಂಟಿನ ಬದಲು ಬೇರೊಂದರ ಹೆಸರು ಅಲ್ಲಿ ಕಂಡರೆ, ಸಿಎಸ್‌ಎಸ್‌ನಲ್ಲಿ ಫಾಂಟ್ ಕಡತದ ದಾರಿ ತಪ್ಪಿದೆಯೆಂದು ಅರ್ಥ.

ಪಟ್ಟಿಯಿಂದ ರಸೀದಿಗಳಿಗೆ

ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾದಾ ಪಠ್ಯದ ಕಡತ) ಆಗಿ ಉಳಿಸುವಾಗ ಯುಟಿಎಫ್-8 ಎಂದಿರುವ ಸಿಎಸ್‌ವಿಯನ್ನೇ ಆರಿಸಬೇಕು; ಸಾಮಾನ್ಯ ಸಿಎಸ್‌ವಿಯಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡುತ್ತದೆ. ಎಕ್ಸೆಲ್ ಈ ಕಡತದ ಆರಂಭದಲ್ಲಿ ಒಂದು ಅದೃಶ್ಯ ಗುರುತನ್ನು ಸೇರಿಸುವುದರಿಂದ, ಪೈಥಾನ್‌ನಲ್ಲಿ ತೆರೆಯುವಾಗ ಎನ್‌ಕೋಡಿಂಗ್ ಅನ್ನು ಯುಟಿಎಫ್-8-ಸಿಗ್ ಎಂದು ಹೇಳಿ. ಇಲ್ಲವಾದರೆ ಮೊದಲ ಕಾಲಮ್ಮಿನ ಹೆಸರು ಎಷ್ಟು ಹುಡುಕಿದರೂ ಹೊಂದಿಕೆಯಾಗುವುದಿಲ್ಲ. 0047ರಂಥ ರಸೀದಿ ಸಂಖ್ಯೆಗಳನ್ನು ಎಕ್ಸೆಲ್ 47 ಮಾಡಿಬಿಡುತ್ತದೆ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿಡಿ.

ಹಳೆಯ ಪಟ್ಟಿಗಳಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಪುಣೆಯ ಸಿ-ಡ್ಯಾಕ್‌ನ ಐಎಸ್‌ಎಂ, ಪುಣೆಯದೇ ಆದ ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಟೈಪಾದ ಹೆಸರುಗಳು, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಹಾರ್ಫ್‌ಬಜ್ ಆಗಲಿ ನೋಟೋ ಆಗಲಿ ಇವನ್ನು ಕನ್ನಡವೆಂದು ಗುರುತಿಸಲಾರವು. ಪರಿವರ್ತಕ ಬಳಸಿ ಇಡೀ ಪಟ್ಟಿಯನ್ನು ಯೂನಿಕೋಡ್‌ಗೆ ತಂದು, ಒತ್ತಕ್ಷರವಿರುವ ಹೆಸರುಗಳನ್ನು ಒಬ್ಬರು ಕೂತು ತಿದ್ದಿದ ಮೇಲೆಯೇ ಮುಂದುವರಿಯಬೇಕು.

ರಸೀದಿಯ ಎಚ್‌ಟಿಎಂಎಲ್‌ನಲ್ಲಿ ಹೆಸರು, ವಿಳಾಸ, ಮೊತ್ತ ಬರುವ ಜಾಗಗಳನ್ನು ಜಿಂಜಾ2ರ ಜೋಡಿ ಹೂಕಂಸಗಳಿಂದ ಗುರುತಿಸಿ, ಪೈಥಾನ್ ಪ್ರೋಗ್ರಾಂ ಪಟ್ಟಿಯ ಒಂದೊಂದು ಸಾಲನ್ನೂ ಓದಿ ಆ ಜಾಗಗಳನ್ನು ತುಂಬಿಸಿ ವೀಸಿಪ್ರಿಂಟ್‌ಗೆ ಒಪ್ಪಿಸುವಂತೆ ಬರೆದುಕೊಳ್ಳಬೇಕು. ಇಲ್ಲಿ ಮೂರು ಎಚ್ಚರಿಕೆಗಳು ಸಾಕು. ಜಿಂಜಾ2ರಲ್ಲಿ ಆಟೋಎಸ್ಕೇಪ್ (ಎಚ್‌ಟಿಎಂಎಲ್‌ನಲ್ಲಿ ವಿಶೇಷ ಅರ್ಥವಿರುವ ಚಿಹ್ನೆಗಳನ್ನು ಸಾದಾ ಅಕ್ಷರಗಳಾಗಿಸುವ ಸೌಲಭ್ಯ) ತಾನಾಗಿ ಚಾಲೂ ಇರುವುದಿಲ್ಲ, ಅದನ್ನು ತೆರೆದಿಡಿ; ಹೋಟೆಲು ಅಂಗಡಿಗಳ ಹೆಸರಿನಲ್ಲಿ ಬರುವ ‘&’ ಚಿಹ್ನೆ ಆಗ ಪುಟವನ್ನು ಕೆಡಿಸುವುದಿಲ್ಲ. ತುಂಬಿದ ಪಠ್ಯವನ್ನು ಸ್ಟ್ರಿಂಗ್ ಆಗಿ ಕೊಡುವಾಗ ಬೇಸ್_ಯುಆರ್‌ಎಲ್ ಅನ್ನೂ, ಎಂದರೆ ರಸೀದಿಯ ಫೋಲ್ಡರಿನ ದಾರಿಯನ್ನೂ ಕೊಡಬೇಕು. ಕೊಡದಿದ್ದರೆ ಸಂಘದ ಲಾಂಛನವೂ ಫಾಂಟ್ ಕಡತವೂ ಎಲ್ಲಿವೆಯೆಂದು ಅದಕ್ಕೆ ತಿಳಿಯದು. ಮೊತ್ತಕ್ಕೆ ಅಲ್ಪವಿರಾಮ ಹಾಕಲು ಪೈಥಾನ್‌ನ ಸಿದ್ಧ ಕ್ರಮವನ್ನು ಬಳಸಿದರೆ ಒಂದು ಲಕ್ಷ 100,000 ಎಂದು ಬರುತ್ತದೆ. 1,00,000 ಎಂದು ಬರಬೇಕಾದರೆ ಕೊನೆಯ ಮೂರು ಅಂಕಿಗಳನ್ನು ಬಿಟ್ಟು ಉಳಿದವನ್ನು ಎರಡೆರಡಾಗಿ ಬೇರ್ಪಡಿಸುವ ನಾಲ್ಕು ಸಾಲಿನ ಫಂಕ್ಷನ್ ನೀವೇ ಬರೆದುಕೊಳ್ಳಬೇಕು.

ಮರಾಠಿಯ ಸಾಲೂ ರಸೀದಿಯಲ್ಲಿ ಇರಬೇಕೆಂದರೆ ಫಾಂಟ್-ಫ್ಯಾಮಿಲಿಯಲ್ಲಿ ಕನ್ನಡದ ನೋಟೋದ ಬಳಿಕ ನೋಟೋ ಸಾನ್ಸ್ ದೇವನಾಗರಿಯನ್ನು ಹೆಸರಿಸಿ, ಆ ಸಾಲಿನ ಟ್ಯಾಗಿಗೆ ಭಾಷೆಯನ್ನು ಎಂಆರ್ ಎಂದು ಕೊಡಿ. ಪುಟದ ಅಳತೆಗೆ ಅಡ್ಡಡ್ಡಲಾದ ಎ5 ಅನುಕೂಲ: ಅದು 210 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಎತ್ತರವಿದ್ದು, ಕಾಗದದಲ್ಲಿ ಬೇಕೆನ್ನುವ ಹಿರಿಯ ಸದಸ್ಯರಿಗೆ ಒಂದು ಎ4 ಹಾಳೆಯಲ್ಲಿ ಎರಡು ರಸೀದಿಗಳನ್ನು ಅಚ್ಚು ಹಾಕಿ ನಡುವೆ ಕತ್ತರಿಸಿ ಕೊಡಬಹುದು. ವೀಸಿಪ್ರಿಂಟ್ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲವಾದ್ದರಿಂದ ಲೆಕ್ಕಾಚಾರಗಳೆಲ್ಲ ಪೈಥಾನ್‌ನಲ್ಲಿಯೇ ಮುಗಿದಿರಲಿ. ಪಿಡಿಎಫ್ ಕಡತದ ಹೆಸರನ್ನು ರಸೀದಿ ಸಂಖ್ಯೆಯಿಂದ, ಇಂಗ್ಲಿಷ್ ಅಂಕಿಗಳಲ್ಲಿ ಇಡಿ. ಹೆಸರು ಕನ್ನಡದಲ್ಲಿ ಬೇಕೆಂದರೆ ಅದನ್ನು ಎಚ್‌ಟಿಎಂಎಲ್‌ನ ಟೈಟಲ್ ಟ್ಯಾಗಿನಲ್ಲಿ ಬರೆದರೆ ಪಿಡಿಎಫ್‌ನ ಶೀರ್ಷಿಕೆಯಾಗಿ ಸೇರಿಕೊಳ್ಳುತ್ತದೆ.

ಬೇರೊಂದು ಕಂಪ್ಯೂಟರಿಗೆ ಒಯ್ಯುವಾಗ

ಸಮಿತಿ ಬದಲಾದಾಗ ಕಂಪ್ಯೂಟರೂ ಬದಲಾಗುವುದುಂಟು. ಆವರಣದ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ನಕಲು ಮಾಡಿಕೊಂಡು ಹೋದರೆ ಅದು ಅಲ್ಲಿ ಓಡುತ್ತದೆಂಬ ಭರವಸೆಯಿಲ್ಲ, ಏಕೆಂದರೆ ಹಳೆಯ ಕಂಪ್ಯೂಟರಿನ ದಾರಿಗಳು ಅದರೊಳಗೆ ಬರೆದಿರುತ್ತವೆ. ಅದರ ಬದಲು ‘ಪಿಪ್ ಫ್ರೀಜ್’ ಕೊಡುವ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಎಂಬ ಪಠ್ಯ ಕಡತದಲ್ಲಿ ಉಳಿಸಿ, ಎಚ್‌ಟಿಎಂಎಲ್, ಫಾಂಟ್‌ಗಳು, ಲಾಂಛನ ಮತ್ತು ಪ್ರೋಗ್ರಾಂ ಜೊತೆಗೆ ಅದನ್ನೂ ಒಯ್ಯಿರಿ. ಹೊಸ ಕಂಪ್ಯೂಟರಿನಲ್ಲಿ ಪ್ಯಾಂಗೋ ಹಾಕಿ, ಆವರಣವನ್ನು ಹೊಸದಾಗಿ ಕಟ್ಟಿ, ‘ಪಿಪ್ ಇನ್‌ಸ್ಟಾಲ್ -ಆರ್’ ಎಂದು ಬರೆದು ಮುಂದೆ ಆ ಕಡತದ ಹೆಸರು ಕೊಟ್ಟರೆ ಅದೇ ಆವೃತ್ತಿಗಳು ಬಂದು ಕೂರುತ್ತವೆ. ರಸೀದಿಗಳನ್ನು ಹೊರಡಿಸುವ ಮೊದಲು ಪರೀಕ್ಷಾ ಪುಟವನ್ನು ಅಲ್ಲಿಯೂ ಒಮ್ಮೆ ತೆಗೆದು, ಹಳೆಯ ಕಂಪ್ಯೂಟರಿನಲ್ಲಿ ತೆಗೆದಿಟ್ಟ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಿ. ಪ್ಯಾಂಗೋ ಈ ಪಟ್ಟಿಗೆ ಸೇರಿದ್ದಲ್ಲವಾದ್ದರಿಂದ ಅದರ ಆವೃತ್ತಿ ಮಾತ್ರ ಬೇರೆಯಾಗಿರಬಹುದು. --ಇನ್ಫೋ ತೋರಿಸುವ ಸಂಖ್ಯೆಗಳನ್ನು ಎರಡೂ ಕಡೆ ಬರೆದಿಟ್ಟುಕೊಂಡಿರಿ.